ಬುರುಡೆ ಬಿಡುವ ಬೇಟೆಗಾರನ ಆಟ

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ರಜೆ ಬಂತೆಂದರೆ ವಿಡಿಯೊ ಗೇಮ್ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಒಂದೇ ಮಾತು: ಮಕ್ಕಳು ಕೆಟ್ಟರು. ಆಡುವ ಹುಡುಗರ ಬಾಯಲ್ಲಿ ಕೇಳುವುದೂ ಎರಡೋ ಮೂರೋ ಮೊಬೈಲ್ ಆಟದ ಹೆಸರು. ಈ ಗಲಾಟೆಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದ ‘ಕಾಲ್ ಆಫ್ ಹ್ವಾರೆಜ್: ಗನ್‌ಸ್ಲಿಂಗರ್’ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟದ ಬಗ್ಗೆ ನಾಲ್ಕು ಮಾತು ಹೇಳಲು ಈ ಪತ್ರ.

ಪೋಲೆಂಡಿನ ಟೆಕ್‌ಲ್ಯಾಂಡ್ ಕಂಪನಿ ಕಟ್ಟಿದ ಆಟ. 2013ರ ಮೇ ತಿಂಗಳಲ್ಲಿ ಬಂತು. ಇದೇ ಸರಣಿಯ 2011ರ ಆಟ ನೆಲಕಚ್ಚಿತ್ತು, ಹಾಗಾಗಿ ಹೆಸರು ನೋಡಿಯೇ ಜನ ಮುಖ ತಿರುಗಿಸಿದರು. ಅದೇ ವರ್ಷ ‘ಬಯೋಶಾಕ್ ಇನ್ಫಿನಿಟ್’, ‘ದಿ ಲಾಸ್ಟ್ ಆಫ್ ಅಸ್’, ‘ಜಿಟಿಎ 5’ ಬಂದವು. ಆ ಆನೆಗಳ ಕಾಲಡಿ ಈ ಸಣ್ಣ ಆಟವನ್ನು ಕೇಳುವವರಾರು?

ಕಥೆ ಶುರುವಾಗುವುದು 1910ರಲ್ಲಿ, ಅಮೆರಿಕದ ಕ್ಯಾನ್ಸಸ್‌ನ ಅಬಿಲೀನ್ ಊರಿನ ಹೆಂಡದಂಗಡಿಯಲ್ಲಿ. ತಲೆಗೆ ಬಹುಮಾನ ಕಟ್ಟಿದ ದರೋಡೆಕೋರರನ್ನು ಹಿಡಿಯುತ್ತಿದ್ದ ಸೈಲಸ್ ಗ್ರೀವ್ಸ್ ಎಂಬ ಮುದುಕ ಒಳಗೆ ಬಂದು, ಗಂಟಲು ಒಣಗದಂತೆ ಕುಡಿಸಿದರೆ ಸಾಕು ಎಂದು ತನ್ನ ಪರಾಕ್ರಮ ಹೇಳಲು ಕೂರುತ್ತಾನೆ. ನಾವು ಆಡುವುದು ಅವನು ಹೇಳುವ ಕಥೆಯನ್ನು. ನಮ್ಮ ಮಲೆನಾಡಿನಲ್ಲಿ ಶಿಕಾರಿ ಕಥೆ ಕೇಳಿದವರಿಗೆ ಈ ವರಸೆ ಹೊಸದಲ್ಲ: ಒಲೆ ಮುಂದೆ ಕೂತ ಅಜ್ಜ ಒಂದೇ ಈಡಿಗೆ ಎರಡು ಹಂದಿ ಕೆಡವಿದೆ ಎನ್ನುವಾಗ ಪಕ್ಕದವರು, ‘ಆ ವರ್ಷ ನಿಮ್ಮ ಕೋವಿ ರಿಪೇರಿಗೆ ಹೋಗಿತ್ತಲ್ಲ ಮಾರಾಯ್ರೇ’ ಎಂದುಬಿಡುತ್ತಾರೆ. ಅಜ್ಜ ಕಥೆ ತಿದ್ದುತ್ತಾನೆ. ಇಲ್ಲಿ ಸೈಲಸ್ ತಿದ್ದಿದಾಗ ನಮ್ಮ ಕಾಲ ಕೆಳಗಿನ ನೆಲವೇ ಬದಲಾಗುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಅಪಾಚೆಗಳು ಮೇಲೆ ಬಿದ್ದರೆಂದು ನಾವು ಗುಂಡು ಹಾರಿಸುತ್ತಿರುತ್ತೇವೆ, ಕೇಳುಗನೊಬ್ಬ ತಕರಾರು ಎತ್ತುತ್ತಾನೆ, ‘ಅಪಾಚೆಗಳ ಹಾಗೆ ಅಂದೆ’ ಎಂದು ಮುದುಕ ಜಾರಿಕೊಳ್ಳುತ್ತಾನೆ, ಎದುರಿದ್ದವರೆಲ್ಲ ದರೋಡೆಕೋರರಾಗಿಬಿಡುತ್ತಾರೆ. ದಾರಿ ಮುಚ್ಚಿದ ಕಡೆ ಅವನು ‘ಆಗ ಕಂಡಿತು ನೋಡಿ’ ಅಂದರೆ ಸಾಕು, ದಾರಿ ಹುಟ್ಟುತ್ತದೆ. ಮಾತಿಗೂ ಆಟಕ್ಕೂ ಇಷ್ಟು ಬಿಗಿ ಗಂಟು ಹಾಕಿದ ಬೇರೆ ಗುಂಡಿನ ಆಟ ಸಿಗುವುದು ಅಪರೂಪ.

ಮುದುಕನ ಕಥೆಯಲ್ಲಿ ಬರುವ ಬಿಲ್ಲಿ ದ ಕಿಡ್, ಪ್ಯಾಟ್ ಗ್ಯಾರೆಟ್, ಜೆಸ್ಸಿ ಜೇಮ್ಸ್ ಇವರೆಲ್ಲ ನಿಜವಾಗಿ ಬದುಕಿದ್ದವರು. ಹಾದಿಯಲ್ಲಿ ಸಿಗುವ ‘ನಗೆಟ್ಸ್ ಆಫ್ ಟ್ರೂತ್’ ಎಂಬ ಚೀಟಿಗಳು ಅಸಲಿ ಇತಿಹಾಸ ಹೇಳುತ್ತವೆ. ಮುದುಕನ ಬುರುಡೆ ಎಷ್ಟು ಉದ್ದ ಎಂದು ಅಳೆಯಲು ಅದೇ ಕೋಲು. ಆದರೆ ಮೊದಲ ಸುತ್ತಿನಲ್ಲೇ ಮೂಲೆಮೂಲೆ ತಡಕಬೇಡಿ, ಕಥೆಯ ಓಟ ಕೆಡುತ್ತದೆ. ಒಮ್ಮೆ ಮುಗಿಸಿದ ಮೇಲೆ ಗಳಿಸಿದ ಕೌಶಲಗಳ ಸಮೇತ ಮತ್ತೆ ಮೊದಲಿಂದ ಆಡುವ ಅವಕಾಶವಿದೆ, ಹೆಕ್ಕುವುದನ್ನು ಆಗ ಹೆಕ್ಕಿ.

ಹೊಸಬರು ಸೋಲುವುದು ದ್ವಂದ್ವಯುದ್ಧದಲ್ಲಿ, ಅಂದರೆ ಎದುರುಬದುರು ನಿಂತು ಪಿಸ್ತೂಲು ತೆಗೆದು ಹೊಡೆಯುವ ಕಾದಾಟದಲ್ಲಿ. ಇದಕ್ಕೆ ಎರಡು ಕೈಗೆ ಎರಡು ಕೆಲಸ. ಮೌಸ್‌ನಿಂದ ಅಲುಗಾಡುವ ಎದುರಾಳಿಯ ಮೇಲೆ ಗಮನದ ವೃತ್ತ ಹಿಡಿದಿಡಬೇಕು. ಎ ಮತ್ತು ಡಿ ಕೀಗಳಿಂದ ನಮ್ಮ ಅಂಗೈಯನ್ನು ಸೊಂಟದ ಪಿಸ್ತೂಲಿನ ಪಕ್ಕದಲ್ಲೇ ಇರಿಸಬೇಕು. ಗಮನ ಕೂಡಿದಷ್ಟು ಗುರಿ ಸುಲಭ, ಕೈ ಹತ್ತಿರವಿದ್ದಷ್ಟು ಪಿಸ್ತೂಲು ಬೇಗ ಹೊರಗೆ. ಬಹಳ ಜನ ಮೌಸ್ ಒಂದನ್ನೇ ನೋಡುತ್ತಾ ಕೈ ಮರೆಯುತ್ತಾರೆ. ಎದುರಾಳಿ ತೆಗೆಯುವ ಮುನ್ನವೇ ನೀವು ತೆಗೆದರೆ ಗೆಲ್ಲಬಹುದು, ಆದರೆ ಅದು ಮರ್ಯಾದೆಯ ಗೆಲುವಲ್ಲ, ಅಂಕ ಕಡಿಮೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಇದು ಆಗದ ಕೆಲಸ, ಅಗ್ಗದ್ದಾದರೂ ಒಂದು ಮೌಸ್ ಬೇಕು. ಅಭ್ಯಾಸಕ್ಕೆ ಮೆನುವಿನಲ್ಲಿ ‘ಡ್ಯುಯಲ್’ ಬೇರೆಯೇ ಇದೆ.

ಕೌಶಲದ ಮೂರು ಕವಲುಗಳಲ್ಲಿ ಗನ್‌ಸ್ಲಿಂಗರ್ ಪಿಸ್ತೂಲಿಗೆ, ರೇಂಜರ್ ದೂರದ ಗುರಿಗೆ, ಟ್ರ್ಯಾಪರ್ ಶಾಟ್‌ಗನ್ ಮತ್ತು ಡೈನಮೈಟಿಗೆ. ಗಳಿಸಿದ ಕೌಶಲದ ಅಂಕಗಳನ್ನು ಮೂರಕ್ಕೂ ಚೂರುಚೂರು ಹಂಚಿದರೆ ಯಾವುದೂ ಬಲವಾಗದು, ಒಂದನ್ನು ಹಿಡಿದು ಮೇಲಿನ ತನಕ ಹೋಗಿ.

ಆರು ಗಂಟೆಯ ಆಸುಪಾಸಿನಲ್ಲಿ ಮುಗಿಯುವ ಆಟ. ಎರಡು ಜಿಬಿ ರ‍್ಯಾಮ್, 512 ಎಂಬಿ ಗ್ರಾಫಿಕ್ಸ್, 5 ಜಿಬಿ ಜಾಗ ಇದ್ದರೆ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪಿನಲ್ಲಿ ತಡವರಿಸಿದರೆ, ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗಿಗೆ ಹೋಗಿ ಈ ಆಟಕ್ಕೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದನ್ನು ಮರೆಯಬೇಡಿ. ಮುದುಕ ಮಾತಾಡುವುದು ಗುಂಡಿನ ಸದ್ದಿನ ನಡುವೆಯೇ, ಅದನ್ನು ತಪ್ಪಿಸಿಕೊಂಡರೆ ಉಳಿಯುವುದು ಬರೀ ಢಂ ಢಂ. ಬೇಕೆಂದಲ್ಲಿ ಸೇವ್ ಮಾಡಲು ಬರುವುದಿಲ್ಲ, ಆಟವೇ ಗೊತ್ತಾದ ಜಾಗಗಳಲ್ಲಿ ಉಳಿಸಿಕೊಳ್ಳುತ್ತದೆ. ಆಷಾಢದ ಗಾಳಿಗೆ ಕರೆಂಟು ಹೋದರೆ ಹಿಂದಿನ ಜಾಗದಿಂದ ಮತ್ತೆ ಶುರು. ಯುಪಿಎಸ್ ಇಲ್ಲದವರು ಅದಕ್ಕೆ ತಯಾರಿರಿ.

ಕುಂದಿಲ್ಲವೆಂದಲ್ಲ. ಕೆಲವು ಮುಖ್ಯ ಖಳರೊಂದಿಗಿನ ಕಾದಾಟ ಅಡಗು-ಹೊಡಿ-ಅಡಗು ಎಂದು ಎಳೆಯುತ್ತದೆ. ರಕ್ತಪಾತವೂ ಇದೆ, ಅಮೆರಿಕದ ಶ್ರೇಣಿಯಂತೆ ಇದು 17 ತುಂಬಿದವರಿಗೆ, ಹೈಸ್ಕೂಲು ಮಕ್ಕಳಿಗಲ್ಲ.

ಸಿನಿಮಾ ವಿಮರ್ಶೆಗೆ ಪ್ರತಿವಾರ ಅರ್ಧ ಪುಟ ಕೊಡುತ್ತೀರಿ. ಅದರ ಕೆಳಗೆ ತಿಂಗಳಿಗೊಂದು ಆಟಕ್ಕೆ ಅಂಗೈಯಗಲ ಜಾಗ ಮಾಡಿ, ಎಷ್ಟು ಗಂಟೆಯ ಆಟ, ಎಂಥ ಯಂತ್ರ ಬೇಕು, ಯಾವ ವಯಸ್ಸಿಗೆ ಎಂಬಷ್ಟಾದರೂ ಅಚ್ಚು ಹಾಕಬೇಕೆಂದು ಕೋರಿಕೆ.

– ಇಬ್ಬರು ಓದುಗರು, ಚಿಕ್ಕಮಗಳೂರು