ದನ ನೋಡಿ, ಆಮೇಲೆ ಕಾಗದ ಕೊಡಿ: ಪಶುಸಂಗೋಪನಾ ಸಚಿವರಿಗೆ ಒಂದು ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಮುಧೋಳ ಕಡೆಯ ರೈತ. ನಾಲ್ಕು ಎಕರೆ ಹೊಲ, ಒಂದು ಎಮ್ಮೆ, ಒಂದು ಖಿಲಾರಿ ಎತ್ತು. ಒಂದೇ ಎತ್ತು ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೋದ ವರ್ಷ ಒಂದು ಜೋಡಿ ಕೊಳ್ಳಲು ಸಂತೆಗೆ ಹೋಗಿದ್ದೆ. ಯಾವ ಸಂತೆ ಅನ್ನುವುದು ಬೇಡ. ಎತ್ತಿನ ವ್ಯಾಪಾರ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕೊಂಡ ಹಾಗಲ್ಲ. ಹಲ್ಲು ನೋಡಬೇಕು, ಸುಳಿ ನೋಡಬೇಕು, ನಡೆಸಿ ನೋಡಬೇಕು. ಆಮೇಲೆ ಟವೆಲ್ ಕೆಳಗೆ ದಲಾಲಿಯ ಬೆರಳು ಹಿಡಿದು ಚೌಕಾಸಿ. ನನ್ನದು ಮುಗಿದಾಗ ಸಂಜೆ ಆಗಿತ್ತು. ದನ ಸಾಗಿಸಲು ಬೇಕಾದ ಡಾಕ್ಟರ್ ಪ್ರಮಾಣಪತ್ರಕ್ಕೆ ಪಶು ಆಸ್ಪತ್ರೆಗೆ ಓಡಿದರೆ ಬೀಗ. ರಾತ್ರಿ ಅಲ್ಲೇ ಉಳಿಯೋಣ ಅಂದರೆ ಎತ್ತಿಗೆ ಮೇವೆಲ್ಲಿ, ನೀರೆಲ್ಲಿ? ಸಂತೆಯ ಪಾವತಿಯನ್ನೇ ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದೆ.

ದಾರಿಯಲ್ಲಿ ತಡೆದರು. ಮೊದಲು ಬೈಕಿನ ಹುಡುಗರು, ಆಮೇಲೆ ಪೊಲೀಸರು. "ಡಾಕ್ಟರ್ ಕಾಗದ ಎಲ್ಲೈತಿ?" ಇಲ್ಲ ಅಂದೆ. ಪಾವತಿ ತೋರಿಸಿದೆ. ಅಲ್ಲಿ ಇಲ್ಲಿ ಫೋನ್ ಮಾಡಿದರು. ನಾಲ್ಕು ತಾಸು ರಸ್ತೆ ಬದಿಯಲ್ಲಿ ನಿಂತೆವು. ಅಷ್ಟು ಹೊತ್ತಿನಲ್ಲಿ ಒಬ್ಬರಾದರೂ ಗಾಡಿಯ ಹಿಂದೆ ಹೋಗಿ ಬ್ಯಾಟರಿ ಹಾಕಿ ನೋಡಲಿಲ್ಲ. ನೋಡಿದ್ದರೆ ಕೆಳಗೆ ಹಾಸಿದ ಹುಲ್ಲು ಕಾಣುತ್ತಿತ್ತು. ಕಿವಿಯ ಹಳದಿ ನಂಬರ್ ಓಲೆ ಕಾಣುತ್ತಿತ್ತು. ಗದ್ದಲಕ್ಕೆ ಬೆದರಿದ ಒಂದು ಎತ್ತು ಜಾರಿ ಮೊಣಕಾಲೂರಿ ಬಿದ್ದದ್ದೂ ಕಾಣುತ್ತಿತ್ತು. ಬಲಕ್ಕೆ ಹೂಡಬೇಕೆಂದು ಅಂದುಕೊಂಡಿದ್ದ ಎತ್ತು ಅದು. ಇವತ್ತಿಗೂ ಕುಂಟುತ್ತದೆ ಅನ್ನಬಹುದಿತ್ತು, ಆದರೆ ಈಗ ಅದು ಇಲ್ಲ.

ಇನ್ನೊಂದು ಕಥೆ ಕೇಳಿ. ಮೂರು ತಿಂಗಳ ನಂತರ ಎಮ್ಮೆ ಮಾರಲು ಹೊರಟೆ. ಈ ಸಲ ಜಾಣನಾಗಿದ್ದೆ, ಹಿಂದಿನ ದಿನವೇ ಪ್ರಮಾಣಪತ್ರ ಕೇಳಲು ಹೋದೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ಆರೋಗ್ಯವಾಗಿದೆ, ಪ್ರಯಾಣಕ್ಕೆ ಯೋಗ್ಯ ಅಂತ ಸೀಲು, ಸಹಿ ಎಲ್ಲಾ ಇತ್ತು. ಎಮ್ಮೆ ಮಾತ್ರ ನಮ್ಮ ಕೊಟ್ಟಿಗೆಯಲ್ಲಿತ್ತು! ಡಾಕ್ಟರನ್ನು ಬೈಯಲು ಮನಸ್ಸಿಲ್ಲ. ಒಬ್ಬರೇ ಎಷ್ಟು ಹಳ್ಳಿ ಸುತ್ತಬೇಕು? ಆದರೆ ಇಂಥ ಕಾಗದ ಯಾರಿಗೆ ಬೇಕು ಹೇಳಿ.

ನಿಯಮ ಬೇಡ ಅನ್ನುತ್ತಿಲ್ಲ ನಾನು. ಲಾರಿಯಲ್ಲಿ ಆರಕ್ಕಿಂತ ಜಾಸ್ತಿ ದನ ತುಂಬಬಾರದು ಅನ್ನುವುದು 1978ರ ಸಾಗಾಟ ನಿಯಮ. ಒಳ್ಳೆಯದೇ. ವೈದ್ಯರ ಪ್ರಮಾಣಪತ್ರ ಇರಬೇಕು ಅನ್ನುವುದೂ ಅದರಲ್ಲೇ ಇದೆ. ದೊಡ್ಡರೋಗದ (ರಿಂಡರ್‌ಪೆಸ್ಟ್) ಲಸಿಕೆ ಆಗಿರಬೇಕು ಅಂತಲೂ ಬರೆದಿದ್ದರು. ಆ ರೋಗ ಪ್ರಪಂಚದಲ್ಲೇ ಇಲ್ಲ ಅಂತ 2011ರಲ್ಲಿ ಸಾರಿ ಆಯಿತು. ನಮ್ಮ ರಾಜ್ಯದ 2020ರ ಗೋಹತ್ಯೆ ತಡೆ ಕಾಯ್ದೆ 13 ವರ್ಷದೊಳಗಿನ ಎಮ್ಮೆಯನ್ನೂ ಸೇರಿಸಿಕೊಂಡಿದೆ. ಬಾಯಿಗೂಡಿದ ಮೇಲೆ, ಅಂದರೆ ಎಲ್ಲಾ ಹಲ್ಲು ಬಂದ ಮೇಲೆ, ಎಮ್ಮೆಗೆ 12 ಆಯಿತೋ 13 ಆಯಿತೋ ಅಂತ ಹಲ್ಲು ನೋಡಿ ಖಚಿತವಾಗಿ ಹೇಳುವವರನ್ನು ನಾನಂತೂ ಕಂಡಿಲ್ಲ. ಸವೆತ ನೋಡಿ ಅಂದಾಜು ಹಾಕುತ್ತಾರೆ, ಅಷ್ಟೇ. ಬೇಸಾಯಕ್ಕೆ, ಸಾಕಣೆಗೆ ದನ ಸಾಗಿಸುವುದು ತಪ್ಪಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ನಡುರಾತ್ರಿ ರಸ್ತೆಯಲ್ಲಿ ಅದನ್ನು ಓದಿ ಹೇಳುವವರು ಯಾರು?

2022ರಲ್ಲಿ ಚರ್ಮಗಂಟು ರೋಗ ಬಂದಾಗ ಸಂತೆ, ಜಾತ್ರೆ, ಸಾಗಾಟಕ್ಕೆ ತಡೆ ಬಿತ್ತು. ಸರಿಯಾಗೇ ಇತ್ತು. ನಮ್ಮ ಓಣಿಯಲ್ಲೂ ಮೈತುಂಬ ಗಂಟೆದ್ದು ಮೇವು ಬಿಟ್ಟ ಕರುಗಳನ್ನು ನೋಡಿದ್ದೇವೆ. ಆ ರೋಗದಲ್ಲಿ ಮೊದಲು ಜ್ವರ, ಆಮೇಲೆ ಗಂಟು. ಗಂಟು ಏಳುವ ಮೊದಲು ಹಿಡಿಯಬೇಕಾದರೆ ದನದ ಹತ್ತಿರ ಹೋಗಿ ಥರ್ಮಾಮೀಟರ್ ಇಡಬೇಕು. ಕೊಟ್ಟಿಗೆಯಲ್ಲಿರುವ ಎಮ್ಮೆಗೆ ಆಸ್ಪತ್ರೆಯ ಟೇಬಲ್ಲಿನ ಮೇಲೆ ಸೀಲು ಹೊಡೆದರೆ ಜ್ವರ ಗೊತ್ತಾಗುತ್ತದಾ?

ಸಚಿವರೇ, ಕೇಳುವುದು ದೊಡ್ಡದೇನಲ್ಲ. ಡಾಕ್ಟರ್ ಸಂತೆಗೇ ಬರಲಿ. ಸಂತೆಯ ದಿನ ಬೆಳಗಿನ ಜಾವದಿಂದ ಕೊನೆಯ ವ್ಯಾಪಾರದವರೆಗೆ ಅಲ್ಲೇ ಇರಲಿ. ಅದರ ಬದಲು ಮರುದಿನ ರಜೆ ಕೊಡಿ, ಅವರೂ ಮನುಷ್ಯರೇ ಅಲ್ವಾ. ದನ ಮುಟ್ಟಿ ನೋಡಿ ಕಾಗದ ಕೊಡಲಿ. ಕಿವಿಯ ಓಲೆಯಲ್ಲಿ 12 ಅಂಕಿಯ ನಂಬರ್ ಇದೆ, ಲಸಿಕೆ ಹಾಕುವಾಗ ನಿಮ್ಮ ಇಲಾಖೆಯವರೇ ಹಾಕಿದ್ದು. ಮಹಾರಾಷ್ಟ್ರದ ಜತ್ತ, ಮಂಗಳವೇಢೆ ಕಡೆಯಿಂದ ಬರುವ ದನಕ್ಕೂ ಅದೇ ಥರದ ಓಲೆ. ಆ ನಂಬರಿಗೆ ಕೊಂಡವನ ಹೆಸರು ಸಂತೆಯಲ್ಲೇ ಸೇರಿಸಿದರೆ, ತಡೆದ ಪೊಲೀಸರು ಮೊಬೈಲಿನಲ್ಲಿ ನೋಡಿ ಐದು ನಿಮಿಷದಲ್ಲಿ ಬಿಡಬಹುದು. ನಂಬರ್ ನೋಡಬೇಕಾದರೆ ಹೇಗೂ ಗಾಡಿಯ ಹಿಂದೆ ಹೋಗಲೇಬೇಕು.

ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ತೊರವಿ ಹತ್ತಿರ ದನಗಳ ಜಾತ್ರೆ. ಅಲ್ಲಿಂದಲೇ ಶುರು ಮಾಡಿ. ಎಡಕ್ಕೆ ಹೂಡುವ ಎತ್ತು ಮನೆಯಲ್ಲಿದೆ. ಅದಕ್ಕೊಂದು ಜೋಡಿ ಹುಡುಕಲು ನಾನೂ ಬರುತ್ತೇನೆ.

ಇಂತಿ ನಿಮ್ಮ,
ಮುಧೋಳ ಕಡೆಯ ಒಬ್ಬ ರೈತ