ಇನ್‌ಚಾರ್ಜ್ ಹುದ್ದೆ ಬೇಡ ಅಂದ ಮಗಳಿಗೆ

ಕಾರವಾರ, ಜುಲೈ

ಪ್ರೀತಿಯ ಮಗಳೇ,

ಮನೆಯಲ್ಲಿ ಎಷ್ಟೇ ಕೊಂಕಣಿ ಆಡಿದರೂ ಬರೆಯಲು ಕೂತರೆ ನನಗೆ ಕೈಗೆ ಬರುವುದು ಕನ್ನಡವೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಬೈತಖೋಲ ಬಂದರಿನಲ್ಲಿ ಬಲೆ ರಿಪೇರಿ ಬಿಟ್ಟರೆ ಬೇರೆ ಕೆಲಸವಿಲ್ಲ. ಹಾಗಾಗಿ ನೀನು ಫೋನಿನಲ್ಲಿ ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ.

ನಿನ್ನ ಆಸ್ಪತ್ರೆಯಲ್ಲಿ ಈಗಿನ ವಾರ್ಡ್ ಇನ್‌ಚಾರ್ಜ್ ನರ್ಸ್ ಕೆಲಸ ಬಿಡುತ್ತಿದ್ದಾರೆ, ನೀನು ಅರ್ಜಿ ಹಾಕು ಅಂತ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ತಾವಾಗಿಯೇ ಕರೆದು ಹೇಳಿದರಂತೆ. ನೀನು ಬೇಡ ಅಂದೆ. "ನಂಗೆ ಅಷ್ಟು ಯೋಗ್ಯತೆ ಇಲ್ಲ ಪಪ್ಪಾ. ದೊಡ್ಡ ಹುದ್ದೆಗೆ ಆಸೆಪಡೋದು ಕ್ರೈಸ್ತರಿಗೆ ಸರಿಯಲ್ಲ ಅಲ್ವಾ?" ಅಂದೆ. ಆಮೇಲೆ ಅದೇ ಫೋನಿನಲ್ಲಿ, ಈ ಇನ್‌ಚಾರ್ಜ್ ಡ್ಯೂಟಿ ಹಾಕುವ ರೀತಿಯೇ ಸರಿಯಿಲ್ಲ, ಹೊಸ ಹುಡುಗಿಯರಿಗೇ ಸಾಲಾಗಿ ನೈಟ್ ಬೀಳುತ್ತದೆ, ನಾನಾಗಿದ್ದರೆ ಹೀಗೆ ಮಾಡ್ತಿರಲಿಲ್ಲ ಅಂತ ತುಂಬಾ ಹೊತ್ತು ಹೇಳಿದೆ. ನೀನಾಗಿದ್ದರೆ ಹೇಗೆ ಮಾಡ್ತಿದ್ದೆ ಅನ್ನುವುದು ನಿನಗೆ ಚೆನ್ನಾಗಿಯೇ ಗೊತ್ತಿದೆ ಅಂತಾಯಿತು. ಮತ್ತೆ ಯೋಗ್ಯತೆ ಇಲ್ಲ ಅಂದದ್ದು ಯಾಕೆ? ಕೆಳಗೆ ಕೂತು ಮೇಲಿದ್ದವರನ್ನು ಅಳೆಯುವುದು ಆರಾಮದ ಕೆಲಸ. ಅಲ್ಲಿ ನಮ್ಮ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯ ಮತ್ತೊಮ್ಮೆ ಓದು. ಶಿಷ್ಯರಾದ ಯಕೋಬ, ಯೊವಾನ್ನ ಇಬ್ಬರೂ ಯೇಸುಸ್ವಾಮಿಯ ಹತ್ತಿರ ಬಂದು, ನಿಮ್ಮ ಮಹಿಮೆಯಲ್ಲಿ ಒಬ್ಬನಿಗೆ ಬಲಗಡೆ, ಒಬ್ಬನಿಗೆ ಎಡಗಡೆ ಜಾಗ ಕೊಡಿ ಅಂತ ಕೇಳುತ್ತಾರೆ. ಅವರ ಅಪ್ಪ ಜೆಬೆದಾಯನ ದೋಣಿಯಲ್ಲಿ ಕೂಲಿಯಾಳುಗಳೂ ಇದ್ದರು. ದೋಣಿ ಮಾಲೀಕನ ಮಕ್ಕಳು, ಕೇಳಿ ಅಭ್ಯಾಸ! ಮತ್ತಾಯನು ಬರೆದದ್ದರಲ್ಲಿ ಹೀಗೆ ಕೇಳುವುದು ಅವರ ಅಮ್ಮ. ಇದನ್ನು ನಿನ್ನ ಅಮ್ಮನಿಗೆ ಓದಿ ಹೇಳಿದಾಗ "ಮತ್ತೆ ಇನ್ಯಾರು ಕೇಳಬೇಕು?" ಅಂದಳು. ಯೇಸುಸ್ವಾಮಿ ಅವರಿಗೆ ಕೊಟ್ಟ ಉತ್ತರ ನೋಡು. ದೊಡ್ಡವರಾಗುವ ಆಸೆಯನ್ನೇ ಬಿಡಿ ಅನ್ನಲಿಲ್ಲ. ನಾನು ಕುಡಿಯುವ ಪಾತ್ರೆಯಿಂದ ಕುಡಿಯಲು, ಅಂದರೆ ನನ್ನ ಕಷ್ಟದಲ್ಲಿ ಪಾಲು ತೆಗೆದುಕೊಳ್ಳಲು, ನಿಮ್ಮಿಂದ ಆಗುತ್ತದೆಯೇ ಅಂತ ಕೇಳಿದರು. ದೊಡ್ಡವನಾಗಬೇಕು ಅನ್ನುವವನು ಎಲ್ಲರ ಸೇವಕನಾಗಲಿ ಅಂದರು. ಇಬ್ಬರೂ "ಆಗುತ್ತದೆ" ಅಂದಿದ್ದರು. ಯಕೋಬನ ಮಟ್ಟಿಗೆ ಅದು ಬರೀ ಮಾತಾಗಲಿಲ್ಲ, ರಾಜ ಹೆರೋದ ಅವನನ್ನು ಕತ್ತಿಯಿಂದ ಕೊಲ್ಲಿಸಿದ.

ಇನ್ನು ಯೇಸುಸ್ವಾಮಿ ಶಿಷ್ಯರ ಪಾದ ತೊಳೆದದ್ದು. ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಅಂತ ತಿಳಿದೇ ಯೇಸುಸ್ವಾಮಿ ಊಟದಿಂದ ಎದ್ದು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡರು ಅಂತ ಯೊವಾನ್ನ ಬರೆಯುತ್ತಾನೆ. ತಾನು ಯಾರು ಅಂತ ಗೊತ್ತಿದ್ದವರು ಬಗ್ಗಿದರು. ಪೇತ್ರ ಮಾತ್ರ, ನನ್ನ ಪಾದ ನೀವು ತೊಳೆಯಲೇಕೂಡದು ಅಂದ. ಕೇಳೋಕೆ ಎಷ್ಟು ದೀನತೆ! ಆದರೆ ಯೇಸುಸ್ವಾಮಿ ಅದನ್ನು ಒಪ್ಪಲಿಲ್ಲ. ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಹೆಂಗಸರನ್ನೂ ಕೂರಿಸಬಹುದು ಅಂತ 2016ರಲ್ಲಿ ಪೋಪ್ ಫ್ರಾನ್ಸಿಸ್ ಹೇಳಿದ ಮೇಲೆ ನಿನ್ನ ಅಮ್ಮನಿಗೂ ಕರೆ ಬಂತು. ಅವಳದ್ದೂ ಪೇತ್ರನದೇ ಮಾತು. ಕೊನೆಗೆ ಒಪ್ಪಿದಳು, ಆದರೆ ಬೆಳಿಗ್ಗೆಯೇ ಬಚ್ಚಲಲ್ಲಿ ಕೂತು ಹಿಮ್ಮಡಿಯನ್ನು ಸೋಪು, ಬ್ರಶ್ ಹಾಕಿ ಉಜ್ಜಿದಳು. ಫಾದರ್‌ಗೆ ತೊಳೆಯೋಕೆ ಏನೂ ಉಳಿಯಲಿಲ್ಲ!

ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ನಮ್ಮ ಪರ್ಸೀನ್ ಬೋಟಿನ ಕತೆಯೂ ಹಾಗೇ. ನೀರಿನ ಬಣ್ಣ ನೋಡಿ, ಬಂಗುಡೆ ಗುಂಪು ಯಾವ ಕಡೆ ತಿರುಗುತ್ತಿದೆ ಅಂತ ನೋಡಿ, ಬಲೆ ಬಿಡಿ ಅಂತ ಬೋಟು ನಡೆಸುವ ತಾಂಡೇಲ ಹೇಳಬೇಕು. ಆ ಹೊತ್ತಲ್ಲಿ ನಾನು "ನಂಗೇನು ಗೊತ್ತು, ನೀವೇ ನೋಡಿ" ಅಂತ ವಿನಯ ತೋರಿಸಿದರೆ ಮೀನು ನಿಲ್ಲುತ್ತದಾ? ಹಾಗಂತ, ನೀರಿನ ಸೆಳೆತ ಆ ಕಡೆಗಿದೆ ಅಂತ ನಿನ್ನೆ ಮೊನ್ನೆ ಬಂದ ಬೋಟಿನ ಆಳು, ಖಲಾಸಿ, ಕೂಗಿದರೂ ತಿರುಗಿ ನೋಡಲೇಬೇಕು. ನೋಡದ ತಾಂಡೇಲರೂ ಇದ್ದಾರೆ. ಅವರ ಬೋಟಿನಲ್ಲಿ ಆಳುಗಳು ನಿಲ್ಲುವುದಿಲ್ಲ.

ಸಂತ ಪೌಲ ತನ್ನನ್ನು ಯೇಸುಸ್ವಾಮಿ ಕಳಿಸಿದ ಪ್ರೇಷಿತರಲ್ಲೇ ಕನಿಷ್ಠ ಅಂತ ಕರೆದುಕೊಂಡ. ಅದರ ಬೆನ್ನಿಗೇ, ಅವರೆಲ್ಲರಿಗಿಂತ ಜಾಸ್ತಿ ದುಡಿದಿದ್ದೇನೆ, ಆದರೆ ನಾನಲ್ಲ, ನನ್ನ ಜೊತೆಗಿರುವ ದೇವರ ಕೃಪೆ ಅಂದ. ದುಡಿದದ್ದನ್ನೂ ಮುಚ್ಚಿಡಲಿಲ್ಲ, ಕೃಪೆಯನ್ನೂ ಮರೆಯಲಿಲ್ಲ. ಇದು ನನಗೆ ತುಂಬಾ ಹಿಡಿಸುತ್ತದೆ.

ನಿನ್ನ ಆಸೆ ಎಂಥದ್ದು ಅಂತ ನಾನು ಇಲ್ಲಿ ಕೂತು ಹೇಳಲಾರೆ. ನೀನೇ ಕೇಳಿಕೋ. ಇನ್‌ಚಾರ್ಜ್ ಆದ ಮೇಲೂ ಆಯಾ ಬಾರದ ದಿನ ಬೆಡ್‌ಪ್ಯಾನ್ ಎತ್ತುತ್ತೀಯಾ? ನಿನ್ನ ಬದಲು ಬೇರೆಯವಳನ್ನು ಆರಿಸಿದರೆ, ಅವಳಿಗೆ ಡ್ಯೂಟಿ ಪಟ್ಟಿ ಹಾಕಲು ಮನಸಾರೆ ಸಹಾಯ ಮಾಡುತ್ತೀಯಾ? ಎರಡಕ್ಕೂ ಹೂಂ ಅನ್ನಲು ಆದರೆ ಸುಮ್ನೆ ಅರ್ಜಿ ಹಾಕು. ಒಂದಕ್ಕೆ ಮನಸ್ಸು ಹಿಂಜರಿದರೂ ಹಾಕು, ಆದರೆ ಅದನ್ನು ಪ್ರಾರ್ಥನೆಯಲ್ಲಿ ದೇವರಿಗೆ ಹೇಳಿ ಹಾಕು.

ಮೇಟ್ರನ್ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳು. ಡ್ಯೂಟಿ ಪಟ್ಟಿ, ಔಷಧಿ ಲೆಕ್ಕ ನೋಡಿಕೊಳ್ಳಬಲ್ಲೆ, ವೆಂಟಿಲೇಟರ್ ಕೆಲಸ ಇನ್ನೂ ಕಲಿಯಬೇಕು ಅನ್ನು. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ನರ್ಸಿಂಗ್ ಮಾಡುವ ಮನಸ್ಸಿದ್ದರೆ ಫೀಸು ಎಷ್ಟಾಗುತ್ತದೆ ಅಂತ ಈಗಲೇ ವಿಚಾರಿಸಿ ತಿಳಿಸು. ಆಗಸ್ಟ್‌ನಲ್ಲಿ ಬೋಟ್ ಇಳಿಯುತ್ತದೆ, ಅದರ ಮೇಲೆ ಲೆಕ್ಕ ಹಾಕೋಣ. ಅಮ್ಮ ಒಣ ಸಿಗಡಿ ಕಟ್ಟಿಟ್ಟಿದ್ದಾಳೆ, ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇವೆ.

ನಿನ್ನ,
ಪಪ್ಪಾ