ತಡೆದ ಗ್ರಾಚ್ಯುಟಿಗೆ ಬಡ್ಡಿ ಯಾರ ಜೇಬಿನಿಂದ? ಮಂಜೇಶ್ವರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ವಿಷಯ ನನ್ನ ಗ್ರಾಚ್ಯುಟಿಯದ್ದು (ನಿವೃತ್ತಿಯಾದಾಗ ಒಟ್ಟಿಗೆ ಸಿಗಬೇಕಾದ ಇಡುಗಂಟು), ಆದರೆ ನನ್ನೊಬ್ಬನದ್ದಲ್ಲ. ಪ್ರತಿ ಮೇ 31ರಂದು ಕೇರಳದಲ್ಲಿ ಸಾವಿರಾರು ಮಂದಿ ಒಟ್ಟಿಗೆ ನಿವೃತ್ತರಾಗುತ್ತಾರೆ. (ಶಾಲೆಗೆ ಸೇರಿಸುವಾಗ ನಮ್ಮನ್ನೆಲ್ಲ ಮೇ ತಿಂಗಳಲ್ಲೇ ಹುಟ್ಟಿಸಿದ ಹಳೇ ಮಾಷ್ಟ್ರುಗಳ ಕೃಪೆ.) ಹಾರ, ಶಾಲು, ಭಾಷಣ ಅದೇ ದಿನ ಸಿಗುತ್ತವೆ. ದುಡ್ಡಿಗೆ ಮಾತ್ರ ಕೆಲವರು ಕಾಯುತ್ತಲೇ ಇರುತ್ತಾರೆ.

ನಾನು ಸರ್ಕಾರಿ ಕನ್ನಡ ಶಾಲೆಯೊಂದರ ಹೆಡ್‌ಮಾಷ್ಟ್ರಾಗಿದ್ದೆ. ಮಧ್ಯಾಹ್ನದ ಊಟದ ಅಕ್ಕಿಯ ರಿಜಿಸ್ಟರಿನಲ್ಲಿ ಒಂದು ತಿಂಗಳ ಉಳಿಕೆಗೂ ಮುಂದಿನ ತಿಂಗಳ ಆರಂಭಕ್ಕೂ ತಾಳೆಯಾಗುವುದಿಲ್ಲ ಎಂದು ಆಡಿಟಿನವರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ವ್ಯತ್ಯಾಸ ಅರ್ಧ ಚೀಲ. ಅದು ಮಳೆಗಾಲದಲ್ಲಿ ಹುಳ ಹಿಡಿದು ಬೇರೆ ಇಟ್ಟ ಅಕ್ಕಿ. ಪಕ್ಕದಲ್ಲೇ ಷರಾ ಇದೆ, ಪಿ.ಟಿ.ಎ. (ಶಿಕ್ಷಕ-ರಕ್ಷಕ ಸಂಘ) ಅಧ್ಯಕ್ಷರ ಸಹಿಯೂ ಇದೆ. ಅಷ್ಟಕ್ಕೆ ಇಡೀ ಗ್ರಾಚ್ಯುಟಿ ತಡೆ! "ಬೇಕಿದ್ದರೆ ಅಕ್ಕಿಯ ಬೆಲೆ ಹಿಡಿದುಕೊಂಡು ಉಳಿದದ್ದು ಕೊಡಿ" ಅಂದೆ. "ಫೈಲು ಮೇಲೆ ಹೋಗಿದೆ ಮಾಷೇ" ಅಂದರು. ಎಷ್ಟು ಮೇಲೆ ಅಂತ ಯಾರೂ ಹೇಳುವುದಿಲ್ಲ.

ಶಿಸ್ತು ಕ್ರಮ ಎದುರಿಸುತ್ತಿರುವವರ ಮಾತು ಬೇರೆ. ಅವರಿಗೆ ತಾತ್ಕಾಲಿಕ ಪಿಂಚಣಿ ಕೊಟ್ಟು ಗ್ರಾಚ್ಯುಟಿ ತಡೆಯಲು ಕೇರಳ ಸೇವಾ ನಿಯಮಗಳ 3ನೇ ಭಾಗದಲ್ಲಿ ಅವಕಾಶ ಇದೆ. ಅದಕ್ಕೆ ನನ್ನ ತಕರಾರಿಲ್ಲ. ನನಗೆ ಚಾರ್ಜ್ ಮೆಮೋ (ಆರೋಪ ಪತ್ರ) ಇಲ್ಲ, ನೋಟಿಸ್ ಸಹ ಇಲ್ಲ, ಸುಮ್ನೆ ತಡೆದಿಟ್ಟಿದ್ದಾರೆ. ನಿಯಮದ ಬಲವಿಲ್ಲದೆ ಪಿಂಚಣಿ, ಗ್ರಾಚ್ಯುಟಿ ತಡೆಯುವಂತಿಲ್ಲ, ಅದು ನೌಕರನ ಆಸ್ತಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಜಾರ್ಖಂಡಿನ ಪ್ರಕರಣದಲ್ಲಿ ಹೇಳಿದೆ.

ಅಷ್ಟು ದೂರ ಯಾಕೆ, ಕೇರಳದ್ದೇ ಪ್ರಕರಣ ಇದೆ. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ 1984ರಲ್ಲೇ, ಡಿಸೆಂಬರ್ 17ರಂದು ತೀರ್ಪಾದದ್ದು. 1973ರ ಮೇ ತಿಂಗಳಲ್ಲಿ ನಿವೃತ್ತರಾದ ನೌಕರರೊಬ್ಬರಿಗೆ ದುಡ್ಡು ಕೈಸೇರಿದ್ದು 1975ರ ಆಗಸ್ಟ್‌ನಲ್ಲಿ. ಟ್ರೆಜರಿಯಿಂದ ಬರಬೇಕಾದ ಕೊನೆಯ ಸಂಬಳದ ಸರ್ಟಿಫಿಕೇಟ್ ಬರಲಿಲ್ಲ, ಅಷ್ಟೇ ಕಾರಣ. ಪಿಂಚಣಿ, ಗ್ರಾಚ್ಯುಟಿ ಸರ್ಕಾರ ಕೊಡುವ ದಾನವಲ್ಲ, ತಡ ಮಾಡಿದರೆ ಬಡ್ಡಿ ಕಟ್ಟಲೇಬೇಕು ಎಂದಿತು ಸುಪ್ರೀಂ ಕೋರ್ಟ್. ಕಾಗದಪತ್ರವೆಲ್ಲ ನಿವೃತ್ತಿಗೆ ಒಂದು ವಾರ ಮೊದಲೇ ಮುಗಿಯಬೇಕು ಎಂದೂ ಹೇಳಿತು. ಆ ನಷ್ಟವನ್ನು ತಪ್ಪು ಮಾಡಿದ ಅಧಿಕಾರಿಯಿಂದ ವಸೂಲು ಮಾಡುವ ಬಗ್ಗೆ ಸರ್ಕಾರ ಯೋಚಿಸಲಿ ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ಈ ಕೊನೆಯ ಮಾತನ್ನು ಯಾಕೋ ಯಾರೂ ಎತ್ತುವುದಿಲ್ಲ.

ತೀರ್ಪು ಇದ್ದರೂ ಪ್ರತಿಯೊಬ್ಬ ನಿವೃತ್ತನೂ ಹೊಸದಾಗಿ ಕೇಸು ಹಾಕಬೇಕು. ನಮ್ಮಂಥವರು ನೇರ ಹೈಕೋರ್ಟಿಗೆ ಹೋಗುವ ಹಾಗಿಲ್ಲ. ಮೊದಲು ಸರ್ಕಾರಿ ನೌಕರರ ಸೇವಾ ತಕರಾರು ಕೇಳುವ ಕೇರಳ ಆಡಳಿತ ಟ್ರಿಬ್ಯೂನಲ್. ಅದು ಕೂರುವುದು ತಿರುವನಂತಪುರದಲ್ಲಿ ಮತ್ತು ಎರ್ನಾಕುಳದಲ್ಲಿ. ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಮೊದಲೇ ಎರ್ನಾಕುಳದಲ್ಲಿ ಇಳಿಸುತ್ತದೆ, ವಕೀಲರ ಆಫೀಸು ತೆರೆಯುವವರೆಗೆ ಪ್ಲಾಟ್‌ಫಾರಂನಲ್ಲೇ ಕೂರಬೇಕು. ಮೊಣಕಾಲು ನೋವಿನವರು, ಡಯಾಲಿಸಿಸ್‌ನವರು ಏನು ಮಾಡಬೇಕು? ಜಾಸ್ತಿ ಮಂದಿ ಕೇಸೇ ಹಾಕುವುದಿಲ್ಲ. ಫೈಲು ತಡೆದವರಿಗೂ ಅದು ಗೊತ್ತು, ಅಲ್ವಾ?

ನನ್ನ ಫೈಲಿಗಾಗಿ ನೀವು ಫೋನ್ ಮಾಡುವುದು ಬೇಡ. ಒಂದು ಫೋನಿಗೆ ನನ್ನದೊಂದು ಬಿಡುಗಡೆಯಾಗಬಹುದು, ಪಕ್ಕದ ಮೇಜಿನ ಫೈಲು ಅಲ್ಲೇ ಉಳಿಯುತ್ತದೆ. ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದದ್ದು) ಹಾಕಿ. ನಿವೃತ್ತಿ ಸೌಲಭ್ಯ ತಡವಾದದ್ದಕ್ಕೆ ಕೋರ್ಟು, ಟ್ರಿಬ್ಯೂನಲ್ ಆದೇಶದಂತೆ ಸರ್ಕಾರ ಕಳೆದ 5 ವರ್ಷದಲ್ಲಿ ಎಷ್ಟು ಬಡ್ಡಿ ಕಟ್ಟಿದೆ? ಅದರಲ್ಲಿ ತಡ ಮಾಡಿದವರಿಂದ ಎಷ್ಟು ವಸೂಲಾಗಿದೆ? ಕೇಸು ಹಾಕದಿದ್ದರೂ ತನ್ನಿಂತಾನೇ ಬಡ್ಡಿ ಸಿಗುವ ಆದೇಶ ಯಾವಾಗ ಬರುತ್ತದೆ?

ಸಚಿವರು ಕೊಡುವ ಉತ್ತರದ ಪ್ರತಿ ನಮಗೂ ಕಳಿಸಿ. ಮಲಯಾಳದಲ್ಲಿದ್ದರೂ ಅಡ್ಡಿಯಿಲ್ಲ, ಓದಿಕೊಳ್ಳುತ್ತೇವೆ.

ಇತಿ ನಿಮ್ಮ ಕ್ಷೇತ್ರದ
ಒಬ್ಬ ನಿವೃತ್ತ ಹೆಡ್‌ಮಾಷ್ಟ್ರು